ಭುವನೈಕಮಲ್ಲನ ಹೆಸರು

ಇತಿಹಾಸದಲ್ಲಿ ಎಂ.ಎ. ಮಾಡುವುದು ಸಲೀಸು ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. 'ಅದರಾಗೇನೈತಿ, ಸತ್ತವರ ಸುದ್ದಿ, ಏನ ಬರದ್ರೂ ಎದ್ದ ಬಂದ ಕೇಳಾವ್ರ್ಯಾರು' ಎಂದು ನಾಲತವಾಡದ ಬಸ್‌ಸ್ಟ್ಯಾಂಡಿನಲ್ಲಿ ಕೂತ ಗಂಡಸರೆಲ್ಲ ನನಗೆ ಉಪದೇಶ ಮಾಡಿದವರೇ. ಅವರಲ್ಲಿ ಒಬ್ಬನಾದರೂ ಚಾಲುಕ್ಯರ ವಂಶಾವಳಿಯನ್ನು ಬಾಯಿಪಾಠ ಮಾಡಿ ನೋಡಬೇಕಿತ್ತು. ಅದೂ ನನ್ನ ಅತ್ತೆಯಂಥ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು.

ನನ್ನ ಹೆಸರು ದಾನೇಶ್ವರಿ. ತವರು ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿ. ಬಿ.ಎ. ಮುಗಿದ ವರ್ಷವೇ ನನ್ನನ್ನು ನಾಲತವಾಡಕ್ಕೆ ಕೊಟ್ಟರು. ಗಂಡ ಮುದ್ದೇಬಿಹಾಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದರು. ಮುಂಜಾನೆ ಮೋಟಾರ್‌ಸೈಕಲ್ ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವವರು. ಅವರ ಹೆಸರನ್ನು ಇಲ್ಲಿ ಬರೆಯಲು ಅಡ್ಡಿಯಿಲ್ಲ: ಸೋಮೇಶ್ವರ. ಬಾಯಿಂದ ಹೇಳುವುದು ಮಾತ್ರ ಆ ಮನೆಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

ಗಂಡನ ಹೆಸರು ಹೇಳದ ಹೆಂಗಸರು ನಮ್ಮ ಕಡೆ ಓಣಿ ತುಂಬ ಇದ್ದಾರೆ. ಬಹಳ ಕಾಡಿದರೆ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಮೆಲ್ಲಗೆ ತೂರಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ನನಗೆ ಆ ಒಡಪಿಗೂ ಅಪ್ಪಣೆ ಸಿಗಲಿಲ್ಲ. ಮದುವೆಯಾಗಿ ಬಂದ ದಿನ ಹೆಂಗಸರೆಲ್ಲ ಹೊಸ್ತಿಲಲ್ಲಿ ಅಡ್ಡಗಟ್ಟಿ ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಪಟ್ಟು ಹಿಡಿದಾಗ, ನಾನು ಒಂದು ಒಳ್ಳೆಯ ಒಡಪನ್ನೇ ತಯಾರು ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವುದರೊಳಗೆ ನನ್ನ ಅತ್ತೆ ರುಕ್ಮವ್ವ ಎಲ್ಲರನ್ನೂ ಗದರಿಸಿ, ಸೇರಕ್ಕಿ ಒದೆಯುವುದಕ್ಕೂ ಪುರಸೊತ್ತು ಕೊಡದೆ ನನ್ನನ್ನು ಒಳಗೆಳೆದುಕೊಂಡಳು.

ಕಾರಣವನ್ನು ಪಕ್ಕದ ಮನೆಯ ರೇಣವ್ವ ಹೇಳಿದಳು. ಅತ್ತೆಗೆ ಚೊಚ್ಚಲ ಗಂಡುಮಗು ಹುಟ್ಟಿದಾಗ ಮನೆದೇವರ ಹೆಸರಿಟ್ಟು, ಓಣಿಗೆಲ್ಲ ಕೇಳುವಂತೆ ತೊಟ್ಟಿಲಲ್ಲಿ ಕೂಗಿ ಕರೆದರಂತೆ. ತಿಂಗಳು ತುಂಬುವ ಮೊದಲೇ ಕೂಸು ಹೋಯಿತು. ಎರಡನೆಯದೂ ಗಂಡೇ ಆಯಿತು. ಹಿರಿಯರು ಮನೆದೇವರ ಹೆಸರು ಬಿಡಬಾರದೆಂದು ಹಟ ಹಿಡಿದು ಅದನ್ನೇ ಇಟ್ಟರು. ಅತ್ತೆ ಅವರಿಗೆ ಎದುರಾಡಲಿಲ್ಲ. ಕೂಸನ್ನು ಒಯ್ದು ತಿಪ್ಪೆಯ ಮೇಲೆ ಒಮ್ಮೆ ಹೊರಳಿಸಿ ತಂದು, ಅವತ್ತಿನಿಂದ 'ತಿಪ್ಪ್ಯಾ' ಎಂದು ಕರೆಯತೊಡಗಿದಳು. ಕೂಸಿನ ನಿಜವಾದ ಹೆಸರು ಸಾವಿನ ಕಿವಿಗೆ ಬೀಳಬಾರದು ಎಂಬುದು ಅವಳ ಲೆಕ್ಕ. ಹೆತ್ತವಳೇ ಆ ಹೆಸರನ್ನು ಒಮ್ಮೆಯೂ ಬಾಯಿಂದ ಅಂದಿರಲಿಲ್ಲ. ಮಾವನವರೂ ಅನ್ನುತ್ತಿರಲಿಲ್ಲ. ಗೊಬ್ಬರದ ಕಂಪನಿಯ ಏಜೆಂಟರು ಮನೆಗೆ ಬಂದು 'ಸೋಮೇಶ್ವರ ಸಾಹುಕಾರ್ರು ಅದಾರೇನ್ರಿ' ಎಂದರೆ ಅವರಿಗೆ ಚಹಾ ಸಿಗುತ್ತಿರಲಿಲ್ಲ, ಅಷ್ಟೇ ಅಲ್ಲ, ಬೈಗುಳ ಸಿಗುತ್ತಿತ್ತು.

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನಾನು ಓದಿದವಳು ಎಂಬ ಸೊಕ್ಕೂ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಗಂಡನ ಹೆಸರು ಹಿಡಿದು ಕೂಗುವ ಪ್ರಸಂಗ ಸಂಸಾರದಲ್ಲಿ ಬರುವುದಾದರೂ ಎಷ್ಟು? 'ರೀ' ಅಂದರೆ ಕೆಲಸ ಮುಗಿಯುತ್ತದೆ. ಹಾಗೇ ನಡೆದಿತ್ತು, ನಾನು ಮನೆಯಲ್ಲೇ ಓದಿ ಎಂ.ಎ. ಪರೀಕ್ಷೆಗೆ ಕಟ್ಟುವವರೆಗೆ.

ತೊಂಬತ್ತೆಂಟರ ಹೊತ್ತಿಗೆ ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳಿಗೆ ಹೊಸ ಕಾಲೇಜೊಂದು ಶುರುವಾಗುವ ಸುದ್ದಿ ಹಬ್ಬಿತ್ತು. ಇತಿಹಾಸಕ್ಕೆ ಲೆಕ್ಚರರ್ ಬೇಕು, ಎಂ.ಎ. ಆಗಿದ್ದವರು ಸಿಗುತ್ತಿಲ್ಲ ಎಂದು ಅದರ ಅಧ್ಯಕ್ಷರು ನಮ್ಮ ಅಂಗಡಿಯಲ್ಲೇ ಕೂತು ಹೇಳಿದ್ದರು. ಆ ಖುರ್ಚಿ ನನ್ನದೇ ಎಂದು ನಾನು ಅವತ್ತೇ ನಿಶ್ಚಯ ಮಾಡಿಬಿಟ್ಟೆ. ಮಾವನವರು ಬೇಡ ಎಂದರು. ಗಂಡ ಎಂದಿನಂತೆ 'ನೋಡೂಣು' ಎಂದರು. ಅವರ 'ನೋಡೂಣು' ಅಂದರೆ ಯಾವತ್ತೂ ನೋಡುವುದಿಲ್ಲ ಎಂದರ್ಥ. ಆಗ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ರೊಟ್ಟಿ ನಾನು ಬಡಿಯುತ್ತೇನೆ, ಇವಳು ಓದಲಿ, ಇನ್ನು ಈ ಮಾತಿಗೆ ಯಾರೂ ಎರಡು ಹೇಳಬೇಡಿ ಎಂದು ಮುಗಿಸಿದಳು. ಅವಳಿಲ್ಲದಿದ್ದರೆ ನಾನು ಇವತ್ತಿಗೂ ಬಿ.ಎ.ಯೇ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ತಂಟೆ ಶುರುವಾದದ್ದು ಕೊನೆಯ ವರ್ಷದಲ್ಲಿ, ಪ್ರಬಂಧ ಬರೆಯುವಾಗ. ನಮ್ಮದೇ ಸೀಮೆಯ ತರ್ದವಾಡಿ ನಾಡನ್ನು ವಿಷಯವಾಗಿ ಆರಿಸಿಕೊಂಡೆ. ಹಾಗೆಂದರೆ ಕಲ್ಯಾಣದ ಚಾಲುಕ್ಯರು ಬಂದೇ ಬರುತ್ತಾರೆ. ನನಗೋ ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುವುದಿಲ್ಲ. ಒಂದು ಸಂಜೆ ಪಡಸಾಲೆಯಲ್ಲಿ ಕೂತು 'ಒಂದನೆಯ ಸೋಮೇಶ್ವರನು' ಎಂದು ಶುರು ಮಾಡಿದೆನೋ ಇಲ್ಲವೋ, ಅತ್ತೆ ಒಳಗಿನಿಂದ ಓಡಿ ಬಂದು ಜೋಳದ ಹಿಟ್ಟು ಮೆತ್ತಿದ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. ಮೂಗಿನ ತುಂಬ ಹಿಟ್ಟು. ಇದು ನಿಮ್ಮ ಮಗನಲ್ಲ, ಸತ್ತು ಒಂಬೈನೂರು ವರ್ಷವಾದ ರಾಜ ಎಂದು ಸೀನುತ್ತಲೇ ತಿಳಿಸಿ ಹೇಳಿದೆ. ಅಂಥ ರಾಜರು ಒಟ್ಟು ನಾಲ್ಕು ಮಂದಿ ಇದ್ದಾರೆಂದೂ ಹೇಳಿದೆ. ಅದನ್ನು ಹೇಳಬಾರದಿತ್ತು.

"ನಾಕ ಮಂದಿ?" ಅತ್ತೆ ಅಲ್ಲೇ ಕುಸಿದು ಕೂತಳು. "ಅವರ ಅವ್ವಗೋಳಿಗೆ ಬ್ಯಾರೆ ಹೆಸರ ಸಿಗಲಿಲ್ಲೇನ?"

ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಮಾತು ತೆಗೆದುಕೊಂಡಳು. ಬರೆಯುವುದಾದರೆ ಎಷ್ಟು ಬೇಕಾದರೂ ಬರಿ, ಬಾಯಿಂದ ಮಾತ್ರ ಅನ್ನಬೇಡ ಎಂಬುದು ಕರಾರು. ರೊಟ್ಟಿ ಬಡಿದು ನನ್ನನ್ನು ಓದಿಸಿದವಳು ಕೇಳುತ್ತಿದ್ದಾಳೆ. ಹೂಂ ಎಂದೆ.

ಚಾಲುಕ್ಯರು ದೊಡ್ಡ ಮನಸ್ಸಿನವರು. ಒಬ್ಬೊಬ್ಬ ರಾಜನಿಗೂ ಒಂದೊಂದು ಬಿರುದು ಇಟ್ಟುಕೊಂಡಿದ್ದರು. ಒಂದನೆಯವನು ಆಹವಮಲ್ಲ, ಎರಡನೆಯವನು ಭುವನೈಕಮಲ್ಲ, ಮೂರನೆಯವನು ಭೂಲೋಕಮಲ್ಲ, ಹೀಗೆ. ನಾನು ಬಿರುದುಗಳನ್ನೇ ಹಿಡಿದು ಗಟ್ಟಿಯಾಗಿ ಓದತೊಡಗಿದೆ. ಅತ್ತೆ ಎದುರಿಗೆ ಮೊರದಲ್ಲಿ ಜೋಳ ಕೇರುತ್ತ ಪಹರೆ ಕೂತಳು. ಕೇಳುತ್ತ ಕೇಳುತ್ತ ಅವಳಿಗೆ ಭುವನೈಕಮಲ್ಲನ ಸಂಸಾರದಲ್ಲಿ ಆಸಕ್ತಿ ಹುಟ್ಟಿತು. ತಮ್ಮ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ತಾನು ಗದ್ದುಗೆ ಏರಿದ ಎಂಬುದನ್ನು ಕೇಳಿದ ದಿನವಂತೂ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ರೇಣವ್ವನ ಜೊತೆ ಕಟ್ಟೆಯ ಮೇಲೆ ಕೂತು, ಹಿರಿಯ ಮಗನ ಹಿಸ್ಸೆಯನ್ನು ಕಿರಿಯವನು ಹೇಗೆ ನುಂಗಿ ಹಾಕಿದ, ಪಂಚರು ಹೇಗೆ ಬಾಯಿ ಮುಚ್ಚಿಕೊಂಡು ಕೂತರು ಎಂದು ಎಲ್ಲವನ್ನೂ ವಿವರಿಸಿದಳು. ರೇಣವ್ವ ಅದು ಸಿಂದಗಿ ಕಡೆಯ ಯಾವುದೋ ಗೌಡರ ಮನೆಯ ಜಗಳ ಎಂದುಕೊಂಡು, ಕೋರ್ಟಿಗೆ ಹೋಗಲು ಹೇಳು ಎಂದು ಸಲಹೆ ಕೊಟ್ಟಳಂತೆ.

ಲಿಖಿತ ಪರೀಕ್ಷೆಗಳು ಮುಗಿದವು. ಪ್ರಬಂಧ ಕಳಿಸಿದ್ದಾಯಿತು. ಉಳಿದದ್ದು ಮೌಖಿಕ ಪರೀಕ್ಷೆ. ನಮ್ಮ ಭಾಗದವರಿಗೆಲ್ಲ ಅದನ್ನು ಆ ವರ್ಷ ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಇಟ್ಟರು. ಮೌಖಿಕ ಅಂದರೇನು ಎಂದು ಅತ್ತೆ ಕೇಳಿದಳು. ಬಾಯಿಂದ ಹೇಳುವುದು ಎಂದೆ. ಅವಳ ಮುಖ ಸಣ್ಣದಾಯಿತು. ಆ ದಿನ ಮುಂಜಾನೆ ನಾನು ಬಸ್ಸು ಹತ್ತುವಾಗ ಅವಳೂ ಇಳಕಲ್ ಸೀರೆ ಉಟ್ಟು ನನ್ನ ಹಿಂದೆಯೇ ಹತ್ತಿದಳು. ಮಗನ ಅಂಗಡಿ ನೋಡಿ ಬಹಳ ದಿನವಾಯಿತು ಎಂದಳು. ಬಸ್ಸು ಇಳಿದ ಮೇಲೆ ಅಂಗಡಿಯ ಕಡೆ ಕಣ್ಣು ಕೂಡ ಹಾಯಿಸದೆ ನನ್ನ ಜೊತೆ ನೆಟ್ಟಗೆ ಕಾಲೇಜಿಗೆ ಬಂದು, ಪರೀಕ್ಷೆಯ ಖೋಲಿಯ ಎದುರಿನ ಬಾಕಿನ ಮೇಲೆ ಕೂತಳು.

ಒಳಗೆ ಇಬ್ಬರು ಪರೀಕ್ಷಕರು. ಒಬ್ಬರು ನಮ್ಮ ಇಂಡಿ ಕಡೆಯ ಹಿರಿಯರು, ಎಲೆ-ಅಡಿಕೆ ಹಾಕಿಕೊಂಡು ಹಾಯಾಗಿ ಕೂತಿದ್ದರು. ಇನ್ನೊಬ್ಬರು ಮೈಸೂರಿನವರು, ನಮ್ಮ ಮೇ ತಿಂಗಳ ಬಿಸಿಲಿಗೆ ಬೆಂದು, ಪ್ರತಿ ಎರಡು ಮಾತಿಗೊಮ್ಮೆ ಕರ್ಚೀಫು ತೆಗೆಯುತ್ತಿದ್ದರು. ಸೆಖೆ ಎಂದು ಅವರೇ ಬಾಗಿಲು ತೆರೆಸಿದ್ದರು. ನಾನು ಕೂತಲ್ಲಿಂದ ಅತ್ತೆ ಕಾಣುತ್ತಿದ್ದಳು. ನನ್ನ ತುಟಿಯ ಮೇಲೇ ಅವಳ ಕಣ್ಣು.

ಮೊದಲ ಪ್ರಶ್ನೆಗಳಿಗೆಲ್ಲ ನಾನು ಪಟಪಟ ಉತ್ತರ ಕೊಟ್ಟೆ. ತೆರಿಗೆ, ಅಗ್ರಹಾರ, ಕೆರೆ, ಎಲ್ಲ ಹೇಳಿದೆ. ಆಹವಮಲ್ಲ ಬಂದ, ಹೋದ. ಭುವನೈಕಮಲ್ಲನ ಕಾಲಕ್ಕೆ ಬಂದಾಗ ಮೈಸೂರಿನವರು ಕರ್ಚೀಫನ್ನು ಮಡಿಚಿ ಮೇಜಿನ ಮೇಲಿಟ್ಟು, ಅದು ಬಿರುದು, ಅವನ ಹೆಸರು ಹೇಳಿ ಎಂದರು.

ನಾನು ಅವನ ಆಳ್ವಿಕೆಯ ವರ್ಷಗಳನ್ನು ಹೇಳಿದೆ. ಅದಲ್ಲ, ಹೆಸರು ಎಂದರು. ಅವನ ತಂದೆ ಯಾರು, ತಮ್ಮ ಯಾರು, ತಮ್ಮ ಯಾವಾಗ ದಂಗೆ ಎದ್ದ, ಎಲ್ಲವನ್ನೂ ಹೇಳಿದೆ. ತಮ್ಮನ ಹೆಸರು ಗೊತ್ತಿದ್ದು ಅಣ್ಣನ ಹೆಸರು ಗೊತ್ತಿಲ್ಲವೇ ಎಂದು ಹುಬ್ಬು ಗಂಟಿಕ್ಕಿದರು. ಬರೆದು ತೋರಿಸುತ್ತೇನೆ ಸರ್ ಎಂದೆ. ಅಯ್ಯೋ, ಅವರಿಗೆ ಇನ್ನೂ ಸಿಟ್ಟು ಬಂತು. ಬರೆಯುವ ಪರೀಕ್ಷೆ ಮುಗಿದಿದೆ, ಇದು ಮಾತಾಡುವ ಪರೀಕ್ಷೆ ಎಂದರು. ಇಂಡಿಯವರಿಗೆ ಏನೋ ಹೊಳೆಯಿತು. ಅಡಿಕೆಯನ್ನು ಒಂದು ದವಡೆಗೆ ಸರಿಸಿ, ನಿಮ್ಮ ಮನೆಯವರ ಹೆಸರೇನ್ರಿ ಎಂದು ನಯವಾಗಿ ಕೇಳಿದರು. ಪುಣ್ಯಾತ್ಮ ದಾರಿ ಮಾಡಿಕೊಡಲು ನೋಡಿದ. ಆದರೆ ಅದಕ್ಕೂ ಉತ್ತರ ಅದೇ ಅಲ್ಲವೇ! ನಾನು ಅದಕ್ಕೂ ಬಾಯಿ ಬಿಡಲಿಲ್ಲ.

ಮೈಸೂರಿನವರು ನನ್ನ ಪ್ರಬಂಧವನ್ನು ಮುಚ್ಚಿದರು.

"ನೋಡಿಮ್ಮ, ನೇರವಾಗಿ ಕೇಳ್ತೀನಿ. ಇದನ್ನ ಬರೆದಿದ್ದು ನೀವೇನಾ? ನೂರು ಕಡೆ ಬರೆದಿರೋ ಹೆಸರು ಬಾಯಿಗೆ ಬರ್ತಿಲ್ಲ ಅಂದ್ರೆ ನಾನು ಏನಂತ ತಿಳ್ಕೊಳ್ಳಲಿ? ಈಗ ಹೇಳದಿದ್ರೆ ನಾನು ಫೇಲ್ ಮಾಡಬೇಕಾಗುತ್ತೆ."

ನನ್ನ ಕಿವಿ ಕಾದವು. ಜಗತ್ತಿನಲ್ಲಿ ಏನನ್ನಾದರೂ ತಡೆದುಕೊಂಡೇನು, ಬೇರೆಯವರಿಂದ ಬರೆಸಿದ್ದು ಎನ್ನುವ ಮಾತನ್ನು ತಡೆದುಕೊಳ್ಳಲಾರೆ. ಹೊಲಗಳಲ್ಲಿ ಬಿದ್ದ ಶಾಸನದ ಕಲ್ಲುಗಳ ಮುಂದೆ ಬಿಸಿಲಲ್ಲಿ ಕೂತವಳು ನಾನು. ಆ ಹೆಸರು ನನ್ನ ನಾಲಗೆಯ ತುದಿಗೆ ಬಂತು. ನಾಲ್ಕು ಅಕ್ಷರ. ಅಂದುಬಿಟ್ಟರೆ ಕಾಲೇಜಿನ ಖುರ್ಚಿ ನನ್ನದು. ಬಾಗಿಲ ಕಡೆ ನೋಡಿದೆ. ಅತ್ತೆ ಬೇಡ ಎಂದು ತಲೆ ಅಲ್ಲಾಡಿಸಿದ್ದರೆ ಬಹುಶಃ ಸಿಟ್ಟಿನಲ್ಲಿ ಅಂದೇಬಿಡುತ್ತಿದ್ದೆ. ಅವಳು ಅಲ್ಲಾಡಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು, ಎರಡೂ ಕೈಯಿಂದ ಬಾಕನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನನ್ನಿಂದ ಆಗಲಿಲ್ಲ. ತಲೆ ತಗ್ಗಿಸಿ, ಹೇಳುವುದಕ್ಕೆ ಆಗುವುದಿಲ್ಲ ಸರ್ ಎಂದೆ. ಅವರು ಪೆನ್ನು ತೆಗೆದರು.

"ಸೋಮೇಶ್ವರ."

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಸೆರಗು ಹಣೆಯವರೆಗೆ ಎಳೆದುಕೊಂಡಿದ್ದಳು. "ಸೋಮೇಶ್ವರ ಅಂತ್ರಿ ಅವನ ಹೆಸರು. ಆಕಿಗಿ ಗೊತ್ತೈತ್ರಿ. ನಾನ ಹೇಳಬ್ಯಾಡಂದೇನಿ."

ಮೈಸೂರಿನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನೀವು ಯಾರಮ್ಮ?"

"ನಾ ಅವನ ಅವ್ವರಿ."

ಭುವನೈಕಮಲ್ಲನ ತಾಯಿಯನ್ನು ಕಣ್ಣಾರೆ ಕಂಡ ಇತಿಹಾಸದ ಪ್ರಾಧ್ಯಾಪಕರು ಈ ದೇಶದಲ್ಲಿ ಅವರೊಬ್ಬರೇ ಇರಬೇಕು. ಇಂಡಿಯವರಿಗೆ ಅಡಿಕೆ ನೆತ್ತಿಗೇರಿ ಕೆಮ್ಮು ಹತ್ತಿತು. ಕೆಮ್ಮಿನ ನಡುವೆಯೇ ಅವರು ನಮ್ಮ ಕಡೆಯ ಪದ್ಧತಿಯನ್ನು ಬಿಡಿಸಿ ಹೇಳಿದರು. ಉಳಿದದ್ದನ್ನು, ಆ ಮೊದಲ ಕೂಸಿನ ಸಂಗತಿಯನ್ನು, ನಾನು ಹೇಳಿದೆ. ಮೈಸೂರಿನವರು ತೆಗೆದ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ ಅತ್ತೆಗೆ ಖುರ್ಚಿ ಹಾಕಿಸಿ, ನನ್ನನ್ನು ಭುವನೈಕಮಲ್ಲನ ಬಗ್ಗೆ ಚೆನ್ನಾಗಿ ಅರೆದರು, ಬಿರುದು ಹಿಡಿದೇ ಕೇಳಿದರು, ನಾನು ಬಿರುದು ಹಿಡಿದೇ ಹೇಳಿದೆ. ತಮ್ಮ ದಂಗೆ ಎದ್ದದ್ದು ಸರಿಯೇ ಎಂದು ಕೇಳಿದಾಗ ಅತ್ತೆ ಖುರ್ಚಿಯಲ್ಲಿ ಮಿಸುಕಾಡಿದಳು, ನಾನು ಕಣ್ಣು ಬಿಟ್ಟು ಸುಮ್ಮನಾಗಿಸಿದೆ. ಏಳುವಾಗ ಇಂಡಿಯವರು ಮೆಲ್ಲಗೆ, ಪೇಢೆ ತಗೊಂಡು ಮನೆಗೆ ಹೋಗಿ ಎಂದರು. ನನಗೆ ಕುಣಿಯುವಷ್ಟು ಖುಷಿ.

ನನಗಿಂತ ಮೊದಲೇ ಎದ್ದು ಹೋದ ಅತ್ತೆ ಹೊರಗೆ ಬಂದು ನೋಡಿದರೆ ಇಲ್ಲ. ಆಗಲೇ ಗೇಟು ದಾಟಿ ಬಜಾರದ ಕಡೆ ಓಡುವ ಹಾಗೆ ನಡೆಯುತ್ತಿದ್ದಳು. ಆಟೋ ಮಾಡೋಣ ಎಂದು ಕೂಗಿದೆ, ಕೇಳಿಸಿಕೊಳ್ಳಲಿಲ್ಲ. ಆ ವಯಸ್ಸಿನವಳ ಹಿಂದೆ ನಾನು ಏದುಸಿರು ಬಿಡುತ್ತ ಓಡಿದೆ. ಎಲ್ಲಿಗೆ, ಏಕೆ ಎಂಬುದು ಅರ್ಧ ದಾರಿಯಲ್ಲಿ ನನಗೆ ತಿಳಿಯಿತು, ಆಮೇಲೆ ಪೇಢೆಯ ನೆನಪೇ ಆಗಲಿಲ್ಲ. ಅವಳು ಅಂದ ಹೆಸರು ಸಾವಿನ ಕಿವಿಗೆ ಬಿದ್ದಿದ್ದರೆ? ನಂಬಿಕೆ ಇಲ್ಲದ ನಾನೂ ಇನ್ನಷ್ಟು ಜೋರಾಗಿ ಓಡಿದೆ.

ಅಂಗಡಿಯ ಮುಂದೆ ನನ್ನ ಗಂಡ ಬೆನ್ನು ಮಾಡಿ ನಿಂತು, ಗೊಬ್ಬರದ ಚೀಲ ಇಳಿಸುವವರ ಜೊತೆ ಜಗಳ ಆಡುತ್ತಿದ್ದರು. ಗಟ್ಟಿಮುಟ್ಟಾಗಿ, ಎಂದಿನಂತೆ. ಅತ್ತೆ ರಸ್ತೆಯ ಈಚೆಗೇ ನಿಂತಳು. ಮೈಯೆಲ್ಲ ಬೆವರು.

"ಸೋಮೇಶ್ವರಾ" ಎಂದು ಕರೆದಳು.

ಪಕ್ಕದ ಅಂಗಡಿಯ ಹಮಾಲನೊಬ್ಬ ತಿರುಗಿ ನೋಡಿದ. ಅವನ ಹೆಸರೂ ಅದೇ ಇರಬೇಕು. ನನ್ನ ಗಂಡ ತಿರುಗಲಿಲ್ಲ. ಅವ್ವನ ದನಿ ಗೊತ್ತಿಲ್ಲದವರಲ್ಲ, ಆದರೆ ಆ ದನಿಯಲ್ಲಿ ಆ ಹೆಸರನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅತ್ತೆ ಇನ್ನೊಮ್ಮೆ ಕರೆದಳು, ಈ ಸಲ ಬಜಾರಕ್ಕೆಲ್ಲ ಕೇಳುವಂತೆ. ಅವರು ತಿರುಗಿದರು. ನಮ್ಮಿಬ್ಬರನ್ನೂ ಕಂಡು ಮುಖದ ರಕ್ತವೆಲ್ಲ ಇಳಿದುಹೋಯಿತು. ಚೀಲ, ಜಗಳ ಎಲ್ಲ ಬಿಟ್ಟು ಓಡಿ ಬಂದರು.

"ಯಾರಿಗಿ ಏನಾತಬೇ ಯವ್ವಾ?"

ಅತ್ತೆ ಅವರ ಎರಡೂ ತೋಳು ಹಿಡಿದುಕೊಂಡಳು. "ಯಾರಿಗೂ ಏನೂ ಆಗಿಲ್ಲೋ" ಎಂದಳು. "ಏನೂ ಆಗಿಲ್ಲ." ಮತ್ತೆ ಮತ್ತೆ ಅದನ್ನೇ ಹೇಳುತ್ತ, ನಡುಬಜಾರದಲ್ಲಿ ನಿಂತು ಅಳತೊಡಗಿದಳು.