ಎರಡೂವರೆಯ ರೆಕಾರ್ಡಿಂಗ್

ಗುರುವಾರ ಸಂಜೆ ಕಚೇರಿಯಿಂದ ಬಂದವಳು ಬ್ಯಾಗು ಹೆಗಲಲ್ಲಿರುವಾಗಲೇ ಟಿ.ವಿ. ಹಾಕಿ ರೆಕಾರ್ಡಿಂಗ್‌ಗಳ ಪಟ್ಟಿ ತೆಗೆದೆ. ಅತ್ತೆಯ ಧಾರಾವಾಹಿ ಇತ್ತು. ಅಮ್ಮನ ಕಾರ್ಯಕ್ರಮ ಇರಲಿಲ್ಲ. ಯಾವ ಪಟ್ಟಿಯನ್ನೂ ಮೂರು ಸಲ ನೋಡದೆ ನಂಬುವವಳಲ್ಲ ನಾನು. ಮೂರನೆಯ ಸಲವೂ ಇರಲಿಲ್ಲ.

ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಹಳೆಯ ಆಪರೇಟರುಗಳ ಬಗ್ಗೆ ಚಾನೆಲ್ಲಿನವರು ಮಾಡಿದ ಕಾರ್ಯಕ್ರಮದಲ್ಲಿ ಅವಳನ್ನೂ ಕೂರಿಸಿ ಮಾತಾಡಿಸಿದ್ದರು. ನಾನು ಕ್ಯಾಮೆರಾದ ಹಿಂದೆ ಕೂತಿದ್ದೆ. ‘ಹೆರಿಗೆ ಕರೆ ಬಂದ್ರೆ ಎಂಥಾ ಸಾಹುಕಾರ್ರ ಮಾತನ್ನೂ ಕಟ್ ಮಾಡಿ ಲೈನ್ ಕೊಡ್ತಿದ್ದೆ. ಬೈಸ್ಕೊಳ್ಳೋದು ಹೇಗೂ ಇದ್ದಿದ್ದೇ’ ಎಂದು ನಕ್ಕಿದ್ದಳು. ಮೊಬೈಲ್ ಆಫ್ ಮಾಡಿ ಎಂದಿದ್ದರು, ಮಾಡಿದ್ದೆ.

ಅದಾಗಿ ಐದು ವಾರಕ್ಕೆ ಅವಳಿಗೆ ಲಕ್ವ ಹೊಡೆಯಿತು. ಬಲಗೈಯ ಜೊತೆ ಮಾತೂ ಹೋಯಿತು. ‘ಅವರದೇ ಹಳೇ ದನಿ ಕೇಳಿಸಿದ್ರೆ ಅನುಕೂಲ ಆಗುತ್ತೆ, ಏನಾದ್ರೂ ಇದ್ಯಾ?’ ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಕೇಳಿದಳು. ಹುಡುಕಿದರೆ ಅಮ್ಮನ ಫೋಟೋ ನೂರಾರು, ದನಿ ಒಂದೂ ಇಲ್ಲ. ದಿನಾ ಫೋನಿನಲ್ಲಿ ಸಿಗುವ ದನಿಯನ್ನು ಯಾರು ಹಿಡಿದಿಡುತ್ತಾರೆ?

ಉಳಿದದ್ದು ಆ ಕಾರ್ಯಕ್ರಮ ಒಂದೇ. ಗುರುವಾರ ಮಧ್ಯಾಹ್ನ ಎರಡೂವರೆಗೆ, ಒಂದೇ ಪ್ರಸಾರ. ನನ್ನ ರಜೆಯೆಲ್ಲ ಆಸ್ಪತ್ರೆಗೇ ಮುಗಿದಿತ್ತು. ಸೋಮವಾರವೇ ಟಿ.ವಿ. ಕೆಳಗಿರುವ, ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಡುವ ಕಂಪ್ಯೂಟರಿಗೆ ಸಮಯ ಕೊಟ್ಟೆ. ಗುರುವಾರ ಬೆಳಿಗ್ಗೆಯೂ ಹೆಸರಿನ ಮುಂದೆ ಕೆಂಪು ಚುಕ್ಕೆ ನೋಡಿಕೊಂಡೇ ಹೊರಟಿದ್ದೆ. ‘ಭಾನುವಾರ ತರ್ತೀನಮ್ಮ’ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಕೇಬಲ್ ಬಿಗಿಯಾಗಿತ್ತು. ಗಡಿಯಾರ ಮೊಬೈಲಿನ ಜೊತೆ ನಿಮಿಷಕ್ಕೆ ನಿಮಿಷ ಹೊಂದುತ್ತಿತ್ತು.

‘ನನ್ನ ಧಾರಾವಾಹಿ ಬಂದಿದ್ಯಲ್ಲಮ್ಮ, ಮಿಷನ್ನು ಸರಿಯಾಗೇ ಇದೆ’ ಎಂದರು ಅತ್ತೆ. ‘ನೀನೇ ಏನೋ ತಪ್ಪು ಒತ್ತಿರ್ತೀಯ.’

ಕೊನೆಗೆ ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುವ ದಿನಚರಿ ತೆರೆದೆ. ಅಲ್ಲಿತ್ತು: ‘೨.೩೦. ಎರಡೂ ಟ್ಯೂನರ್ ಬಳಕೆಯಲ್ಲಿವೆ. ಕಡಿಮೆ ಆದ್ಯತೆ. ಕೈಬಿಡಲಾಗಿದೆ.’

ನಮ್ಮ ಕಂಪ್ಯೂಟರಿಗೆ ಒಂದು ಹೊತ್ತಿಗೆ ಎರಡೇ ಚಾನೆಲ್ ಹಿಡಿಯಲು ಸಾಧ್ಯ. ಧಾರಾವಾಹಿಗೆ ಅವತ್ತು ವಿಶೇಷ ಸಂಚಿಕೆ; ಎರಡು ಗಂಟೆಗೇ ಶುರುವಾಗಿ ಮೂರರವರೆಗೂ ಇರುತ್ತದೆಂದು ಚಾನೆಲ್ಲಿನವರು ಹೊತ್ತೇರಿದ ಮೇಲೆ ಬದಲಿಸಿದ್ದರು. ಹಾಗೆ ಒಂದು ಟ್ಯೂನರ್ ಹೋಯಿತು. ಇನ್ನೊಂದನ್ನು ಹಿಡಿದದ್ದು ‘ಟ್ರಯಲ್’ ಎಂಬ ಹೆಸರಿನ ರೆಕಾರ್ಡಿಂಗ್.

‘ಏನ್ರೀ ಇದು, ಟ್ರಯಲ್ ಅಂದ್ರೆ?’

ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಲಿಲ್ಲ. ‘ಅದಾ? ಮಿಷನ್ ಹಾಕ್ದಾಗ ರೆಕಾರ್ಡ್ ಆಗುತ್ತಾ ಅಂತ ನೋಡಕ್ಕೆ ಹಾಕಿದ್ದೆ. ತೆಗೆಯೋದು ಮರೆತೋಯ್ತು.’

‘ಆರು ವರ್ಷದಿಂದ?’

‘ಅದೇನು ಅನ್ನ ಕೇಳುತ್ತಾ?’

ತೆರೆದು ನೋಡಿದೆ. ಆ ಚಾನೆಲ್ ಮುಚ್ಚಿ ಎಷ್ಟು ಕಾಲವಾಗಿತ್ತೋ. ‘ಪ್ರಸಾರ ನಿಲ್ಲಿಸಲಾಗಿದೆ’ ಎಂಬ ಬಿಳಿ ಅಕ್ಷರ, ನೀಲಿ ಹಲಗೆ. ಅರ್ಧ ಗಂಟೆ. ಶಬ್ದವಿಲ್ಲ. ದಿನಾ ಎರಡೂವರೆಗೆ ಹಳೆಯದನ್ನು ಅಳಿಸಿ, ಹೊಸದಾಗಿ ಅದನ್ನೇ ಹಿಡಿದಿಡುತ್ತಿತ್ತು.

ಆದ್ಯತೆಯ ಪುಟದಲ್ಲಿ ಎಲ್ಲರಿಗೂ ಒಂದೊಂದು ಸಂಖ್ಯೆ. ಅವರಿಗೆ ಹತ್ತು. ಅತ್ತೆಗೆ ಎಂಟು. ಟ್ರಯಲ್‌ಗೆ ಒಂದು. ನನಗೆ ಸೊನ್ನೆ.

‘ನೀನು ಯಾವತ್ತೂ ಏನೂ ಹಾಕ್ತಿರ್ಲಿಲ್ವಲ್ಲ’ ಎಂದರು. ‘ಬೇಕು ಅಂದಿದ್ರೆ ಕೊಡ್ತಿರ್ಲಿಲ್ವಾ?’ ಎದ್ದು ಬಂದು ರಿಮೋಟ್ ಕಸಿದು ಸೊನ್ನೆಯನ್ನು ಹತ್ತು ಮಾಡಿದರು. ‘ತಗೋ. ಸಮಾಧಾನ ಆಯ್ತಾ? ಯಾವ್ದು ರೆಕಾರ್ಡ್ ಮಾಡ್ಬೇಕು, ಹೇಳು.’

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅವರು ಟ್ರಯಲ್ ಮಾತ್ರ ತೆಗೆಯಲಿಲ್ಲ.

ಶುಕ್ರವಾರ ಚಾನೆಲ್ಲಿಗೆ ಫೋನ್ ಮಾಡಿದೆ. ಕಾರ್ಯಕ್ರಮ ಮಾಡಿಕೊಟ್ಟವರು ಹೊರಗಿನವರು, ನಮ್ಮಲ್ಲಿ ಪ್ರತಿ ಉಳಿಸುವುದಿಲ್ಲ, ಎಂದರು. ಹೊರಗಿನವರ ನಂಬರಿಗೆ ಮಾಡಿದರೆ, ಒಂದು ಹೆಣ್ಣುದನಿ, ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಎರಡು ಸಲ ಹೇಳಿತು. ಅಮ್ಮನಷ್ಟು ಚೆನ್ನಾಗಿ ಹೇಳಲಿಲ್ಲ.

ಭಾನುವಾರ ಅಮ್ಮ ತಲೆ ಬಾಚಿಸಿಕೊಂಡು ಕಾದಿದ್ದಳು. ನಾನು ಕೂರುವ ಮೊದಲೇ ಎಡಗೈ ಎತ್ತಿ ನನ್ನ ಬ್ಯಾಗನ್ನು ತೋರಿಸಿದಳು. ಸುಳ್ಳು ಹೇಳೋಣವೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬ್ಯಾಗನ್ನು ಕೆಳಗಿಟ್ಟೆ.

‘ಲೈನ್ ಸಿಗ್ಲಿಲ್ಲಮ್ಮ. ಮಿಷನ್ನು ಬೇರೆಯವ್ರಿಗೆ ಕೊಟ್ಬಿಟ್ಟಿತ್ತು.’

ಅವಳ ಕೈ ಹೊದಿಕೆಯ ಮೇಲೆ ಇಳಿಯಿತು. ಆಮೇಲೆ ಹುಬ್ಬು ಏರಿಸಿದಳು. ಯಾರಿಗೆ, ಎಂದು. ನಮಗಿಂತ ತುರ್ತಿರುವವರು ಯಾರಾದರೂ ಇದ್ದಿರಬೇಕು ಎಂಬ ಅವಳ ಹಳೆಯ ನಂಬಿಕೆ.

‘ಆ ಕಡೆ ಯಾರೂ ಇರ್ಲಿಲ್ಲಮ್ಮ’ ಎಂದೆ.