ಹತ್ತು ತಲೆಗೆ ಒಂದು ಮುಖ

ಸುಬ್ಬಯ್ಯ ಚಿತ್ರದ ಪುಸ್ತಕವನ್ನು ತಂಗಿಯ ಶವದ ಪಕ್ಕ, ಬಿಳಿಬಟ್ಟೆಯ ಅಡಿಗೆ ತುರುಕಿದರು. ಸೋದರ ಸೊಸೆ ವಿಜೇತಾ ಅದನ್ನು ಎಳೆದು ತೆಗೆದಳು.

"ಸತ್ತವರಿಗೆ ಇಷ್ಟವಾದದ್ದು ಅವರ ಜೊತೆಗೇ ಹೋಗ್ಬೇಕು. ಅದು ಕ್ರಮ," ಎಂದರು ಸುಬ್ಬಯ್ಯ.

"ಅಮ್ಮನಿಗೆ ಚಹಾವೂ ಇಷ್ಟ, ಮಾವ. ಕೆಟ್ಲು ಇಡುವುದಾ?"

ಅಂಗಳದಲ್ಲಿ ಒಂದಿಬ್ಬರು ಮುಖ ತಿರುಗಿಸಿ ನಕ್ಕರು.

ಪುಂಜಾಲಕಟ್ಟೆಯ ಸರಸ ಅರುವತ್ತೊಂದು ವರ್ಷ ಬದುಕಿದ್ದರು. ನಲವತ್ತು ವರ್ಷ ಬೀಡಿ ಕಟ್ಟಿದ್ದರು. ಕೊನೆಯ ಹನ್ನೊಂದು ವರ್ಷ, ಬೀಡಿ ಮುಗಿದ ಮೇಲೆ ಅದೇ ಮೊರವನ್ನು ಮಗುಚಿ ಮಡಿಲಲ್ಲಿಟ್ಟು, ಬಣ್ಣದ ಪೆನ್ಸಿಲಿನಲ್ಲಿ ರಾಮನ ಕಥೆ ಬಿಡಿಸಿದ್ದರು. ನೂರ ಎಂಬತ್ತನಾಲ್ಕು ಚಿತ್ರ. ಎಲೆ ಕತ್ತರಿಸುವ ತಗಡಿನ ಅಚ್ಚೇ ಅವರ ಸ್ಕೇಲು. ಹಾಳೆಗಳನ್ನು ಹೊಲಿದದ್ದು ಬೀಡಿಯ ದಾರದಲ್ಲಿ.

ರಿಕ್ಷಾ ಓಡಿಸುವ ಉಸ್ಮಾನ್ ಹತ್ತಿರ ಬಂದ. "ಒಮ್ಮೆ ನನ್ನ ಪುಟ ತೋರಿಸಿ ಮಾರಾಯ್ತಿ."

ಅವನ ಪುಟದಲ್ಲಿ ರಾಮನನ್ನು ನದಿ ದಾಟಿಸುವ ಅಂಬಿಗನಿದ್ದ. ಖಾಕಿ ಅಂಗಿ, ಉಸ್ಮಾನನದೇ ಮುಖ.

"ನನಗೆ ದೋಣಿ ಬಿಡ್ಲಿಕ್ಕೆ ಬರುವುದಿಲ್ಲ ಸರಸಕ್ಕ ಅಂದೆ. ಬಾಡಿಗೆಗೆ ಚರ್ಚೆ ಮಾಡದವ ಬೇಕು, ನೀನೇ ಸರಿ ಅಂದ್ರು."

ಹೆಂಗಸರು ಸುತ್ತ ಸೇರಿದರು. ಹೂ ಮಾರುವ ದಯಾನಂದನ ತಾಯಿ ತಾನು ಶಬರಿಯಾದ ಪುಟ ಹುಡುಕಿ, ಪಕ್ಕದವಳಿಗೆ ತೋರಿಸಿದರು. ಹನುಮಂತ ಎತ್ತಿದ್ದ ಪರ್ವತ ಊರಿನಿಂದ ಕಾಣುವ ಗಡಾಯಿಕಲ್ಲು ಬೆಟ್ಟ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸುಬ್ಬಯ್ಯ ಮಾತ್ರ ಕಂಬಕ್ಕೆ ಒರಗಿ ಗೇಟಿನ ಕಡೆ ನೋಡುತ್ತಿದ್ದರು. ಪುಟಗಳು ಯುದ್ಧದ ಕಡೆಗೆ ಮಗುಚುತ್ತಿದ್ದವು.

* * *

ಆರು ವರ್ಷದ ಹಿಂದೆ ಸುಬ್ಬಯ್ಯ ತಮ್ಮೂರು ಮಿಜಾರಿನಿಂದ ತಂಗಿಯ ಮನೆಗೆ ಬಂದಿದ್ದರು. ಸರಸ ಬೀಡಿ ಸುತ್ತುತ್ತ ಕೇಳಿದ್ದರು.

"ಅಣ್ಣ, ರಾವಣನಿಗೊಂದು ಮುಖ ಬೇಕಿತ್ತು. ಯಾರೂ ಒಪ್ಪುವುದಿಲ್ಲ. ನೀನು ಸ್ವಲ್ಪ ಹೊತ್ತು ಕೂತುಕೊಳ್ತೀಯಾ?"

"ನಾನಾ?"

"ನಿನ್ನ ಮೀಸೆ ಚಂದ ಉಂಟಲ್ಲ."

ಸುಬ್ಬಯ್ಯ ಅರ್ಧ ಚಹಾ ಬಿಟ್ಟು ಎದ್ದರು. ಮರುವರ್ಷ ಮೂಡುಬಿದಿರೆಯಲ್ಲಿ ಯಾರೋ, ನಿಮ್ಮ ತಂಗಿ ರಾವಣನನ್ನೂ ಮುಗಿಸಿದ್ದಾರೆ, ನೋಡಬೇಕು ನೀವು, ಎಂದು ನಕ್ಕಿದ್ದರು. ಯಾರ ಮುಖ ಎಂದು ಸುಬ್ಬಯ್ಯ ಕೇಳಲಿಲ್ಲ. ಆಮೇಲೆ ಈ ಮನೆಗೆ ಬಂದದ್ದು ಇವತ್ತೇ.

* * *

"ಹೊತ್ತಾಯ್ತು," ಎಂದರು ಸುಬ್ಬಯ್ಯ. "ಅದನ್ನು ಇಲ್ಲಿ ಕೊಡು. ಊರಿಡೀ ನೋಡಿ ನಗುವುದು ಸಾಕು."

ವಿಜೇತಾ ಕೊಡಲಿಲ್ಲ. ರಾವಣನ ಪುಟ ತೆರೆದು ಅವರ ಮುಂದೆ ಹಿಡಿದಳು.

"ನೋಡಿದ ಮೇಲೆ ಹೇಳಿ, ಮಾವ. ಆಮೇಲೂ ಸುಡಬೇಕು ಅಂತಾದ್ರೆ ನಾನೇ ಇಡ್ತೇನೆ."

ಸುಬ್ಬಯ್ಯ ಜೇಬು ತಡಕಿ ಕನ್ನಡಕ ಹಾಕಿಕೊಂಡರು.

ಕೆಂಪು ಆಕಾಶ. ಹತ್ತು ಕಿರೀಟ. ಅವುಗಳ ಅಡಿಯಲ್ಲಿ ಹತ್ತೂ ಸರಸಳ ಮುಖ. ಒಂದಕ್ಕೆ ಸಿಟ್ಟು, ಒಂದಕ್ಕೆ ನಿದ್ದೆ, ಒಂದರ ಬಾಯಲ್ಲಿ ವೀಳ್ಯ. ಹತ್ತರಲ್ಲೂ ಮೂಗುತಿ, ಸರಸ ಹಾಕುತ್ತಿದ್ದ ದಾರ ಕಟ್ಟಿದ ಕನ್ನಡಕ.

"ಇಡೀ ಮಳೆಗಾಲ ಕನ್ನಡಿ ಎದುರು ಕೂತು ಮಾಡಿದ್ದು," ಎಂದಳು ವಿಜೇತಾ. "ಕೇಳದೆ ಅಮ್ಮ ಯಾರ ಮುಖವನ್ನೂ ಹಾಕಲಿಲ್ಲ."

ಸುಬ್ಬಯ್ಯ ಪುಟವನ್ನು ಇನ್ನಷ್ಟು ಹತ್ತಿರ ಹಿಡಿದರು. ಹತ್ತೂ ಮುಖಕ್ಕೆ ಮೀಸೆ ಇತ್ತು. ತುದಿ ಮೇಲಕ್ಕೆ ಹುರಿಮಾಡಿದ, ಎಡಗಡೆ ತುಸು ಗಿಡ್ಡವಾದ ಮೀಸೆ. ಅವರ ಕೈ ತನ್ನಷ್ಟಕ್ಕೆ ತುಟಿಯ ಮೇಲೆ ಹೋಯಿತು.

"ಮೀಸೆ ಒಂದು ಕೇಳದೆ ತೆಗೊಂಡದ್ದು," ಎಂದ ಉಸ್ಮಾನ್.

ಮೊದಲು ನಕ್ಕದ್ದು ಸುಬ್ಬಯ್ಯ. ಆಮೇಲೆ ಕನ್ನಡಕ ತೆಗೆದು ಒರೆಸಿದರು.

ಚಟ್ಟ ಎತ್ತಲು ನಾಲ್ವರು ಬಗ್ಗಿದರು. ಸುಬ್ಬಯ್ಯ ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಪುಸ್ತಕವನ್ನು ಎರಡು ಸುತ್ತು ಸುತ್ತಿದರು. ವಿಜೇತಾ ಕೈ ಚಾಚಿದಳು. "ಇದು ಸುಡ್ಲಿಕ್ಕಲ್ಲ, ನನ್ನ ಹತ್ತಿರ ಇರ್ಲಿ," ಎಂದರು. ಮುಂದಿನ ಬಿದಿರಿಗೆ ಬಲ ಹೆಗಲು ಕೊಟ್ಟು, ಪುಸ್ತಕವನ್ನು ಎಡ ಕಂಕುಳಲ್ಲಿ ಅವುಚಿಕೊಂಡು ಅಂಗಳ ಇಳಿದರು.