ಒಳಸುತ್ತಿನ ದನಿ

ನಾನು ಒಂದು ಹಾರ್ಡ್ ಡಿಸ್ಕ್. ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು, ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನಾನು ಹುಟ್ಟಿದ ಕೋಣೆಗೆ ಧೂಳು ಸುಳಿಯುವಂತಿರಲಿಲ್ಲ. ಕೆಲಸದವರು ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಕೈಗೆ ಗವಸು ಹಾಕಿಕೊಂಡು, ಮುಟ್ಟಿಯೂ ಮುಟ್ಟದ ಹಾಗೆ ನನ್ನನ್ನು ಜೋಡಿಸಿದರು. ಕನ್ನಡಿಯಂತೆ ಹೊಳೆಯುವ ದುಂಡು ತಟ್ಟೆ, ಅದಕ್ಕೆ ತಾಗದಂತೆ ಮೇಲೆ ಓಡಾಡುವ ಒಂದು ಸಣ್ಣ ಕೈ. ತಟ್ಟೆ ತಿರುಗುತ್ತದೆ, ಕೈ ಓದುತ್ತದೆ, ಬರೆಯುತ್ತದೆ. ನಾನೆಂದರೆ ಇಷ್ಟೇ.

ಮುಚ್ಚಳ ಬಿಗಿದ ಮೇಲೆ ಓಡಿಸಿ ನೋಡಿದರು. ಹೊರಸುತ್ತಿನಲ್ಲಿ ವೇಗ, ಒಳಸುತ್ತಿನಲ್ಲಿ ನಿಧಾನ. ಅದು ದೋಷವಲ್ಲ, ನಮ್ಮ ಕುಲದ ಗುಣ. ದೇವಸ್ಥಾನದ ಹೊರ ಪ್ರಾಕಾರ ಸುತ್ತಿದರೆ ಬಹಳ ಹೆಜ್ಜೆ, ಗರ್ಭಗುಡಿಯನ್ನಷ್ಟೇ ಸುತ್ತಿದರೆ ಕೆಲವೇ ಹೆಜ್ಜೆ. ಪ್ರದಕ್ಷಿಣೆ ಮಾತ್ರ ಎರಡೂ ಒಂದೇ. ನನ್ನ ತಟ್ಟೆ ಒಂದೇ ಸಮನೆ ತಿರುಗುತ್ತದೆ. ಒಂದು ಸುತ್ತಿಗೆ ಹೊರಗಡೆ ಕೈಗೆ ಸಿಗುವುದು ಹೆಚ್ಚು, ಒಳಗಡೆ ಸಿಗುವುದು ಕಡಿಮೆ. ಅದಕ್ಕೇ ನನ್ನ ವೇಗವನ್ನು ಅಳೆದು ಪರದೆಯ ಮೇಲೆ ಗೆರೆ ಎಳೆದರೆ ಅದು ಎಡದಿಂದ ಬಲಕ್ಕೆ ಇಳಿಜಾರಾಗಿ ಇಳಿಯುತ್ತದೆ.

ನನ್ನ ಪಾಲಿಗೆ ಸಿಕ್ಕ ಮನೆ ಹೊಳೆನರಸೀಪುರದ ಒಂದು ಡಿಟಿಪಿ ಅಂಗಡಿ. ಯಜಮಾನರು ಶೇಷಗಿರಿ. ಮದುವೆಯ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಅಂಗಡಿ ಬೋರ್ಡು, ವೈಕುಂಠ ಸಮಾರಾಧನೆಯ ಪತ್ರ, ಎಲ್ಲವೂ ಅವರ ಬೆರಳಿನಿಂದ ನನ್ನೊಳಕ್ಕೆ ಇಳಿಯುತ್ತಿದ್ದವು. ಊರಿನವರು ಕೂಡುವುದೂ ಕಳೆಯುವುದೂ ನನಗೆ ಮೊದಲೇ ತಿಳಿಯುತ್ತಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ಕಾವ್ಯವಾಚನ. ಓದುವವರು ಶೇಷಗಿರಿಯವರ ಹೆಂಡತಿ ವಿಶಾಲಾಕ್ಷಮ್ಮ. ನಾನು ಇದ್ದದ್ದು ಮೇಜಿನ ಕೆಳಗೆ, ನೆಲಕ್ಕೆ ಹತ್ತಿರ. ನನಗೆ ಕಾಣುತ್ತಿದ್ದದ್ದು ಜಮಖಾನೆಯ ಅಂಚು, ಮಡಿಸಿದ ಮೊಣಕಾಲುಗಳು, ತಾಳ ಹಾಕುವ ಕಾಲ್ಬೆರಳು. ಆದರೆ ಕೇಳುವುದಕ್ಕೆ ಎತ್ತರ ಬೇಕಾಗಿಲ್ಲ. ಷಟ್ಪದಿಯ ಮೊದಲ ಸಾಲನ್ನು ಅವರು ಮೆಲ್ಲಗೆ ನೆಲದ ಮೇಲಿಡುವರು, ಮೂರನೆಯದಕ್ಕೆ ಎತ್ತಿ ನಿಲ್ಲಿಸುವರು, ಆರನೆಯದರಲ್ಲಿ ಇಡೀ ಕೋಣೆಯನ್ನೇ ಹೊತ್ತುಕೊಂಡು ಇಳಿದುಬರುವರು. ಕೇಳುತ್ತಿದ್ದವರು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

ವಾಚನವನ್ನು ಮೈಕಿನಲ್ಲಿ ಹಿಡಿದು ನನ್ನಲ್ಲಿ ಇಡೋಣವೆಂದು ಶೇಷಗಿರಿ ಹೊರಟಾಗ ಗಂಡಹೆಂಡಿರಿಗೆ ಮಾತು ಹತ್ತಿತು.

"ಏನೂಂದ್ರೆ, ಇದರೊಳಗೆ ಸಮಾರಾಧನೆ ಕಾರ್ಡುಗಳೂ ಇರತ್ವಲ್ಲ?"

"ಇರತ್ವೆ. ಮದುವೇವೂ ಇರತ್ವೆ. ಅವಿಲ್ದೇ ನಮ್ಮ ಒಲೆ ಉರಿಯತ್ತಾ?"

"ಸೂತಕದ ಕಾಗದದ ಪಕ್ಕ ನನ್ನ ವಾಚನ ಇಡ್ತೀರಾ?"

"ಲೇ, ಅದರೊಳಗೆ ಕಾಗದಾನೂ ಇಲ್ಲ, ಸೂತಕಾನೂ ಇಲ್ಲ. ಇರೋದು ಬರೀ ಕರೆಂಟು."

"ಕರೆಂಟೋ ಗಿರೆಂಟೋ. ಅಡುಗೆಮನೇಲಿ ಮಡಿನೀರಿಗೆ ಬೇರೆ ಜಾಗ ಇಲ್ವಾ? ಇದರಲ್ಲೂ ಒಂದು ಮಾಡಿ."

ಶೇಷಗಿರಿ ನಕ್ಕರು, ಆದರೆ ಮಾಡಿದರು. ಸಿ, ಡಿ ಎಂಬ ಎರಡು ಕೋಣೆಗಳು ನನ್ನಲ್ಲಿ ಆಗಲೇ ಇದ್ದವು. ಎಲ್ಲಕ್ಕಿಂತ ಕೊನೆಗೆ, ನನ್ನ ಒಳಸುತ್ತಿನಲ್ಲಿ, ಮೂರನೆಯದೊಂದು ಕೋಣೆ ಕಟ್ಟಿ ಅದಕ್ಕೆ 'ಮಡಿ' ಎಂದೇ ಹೆಸರಿಟ್ಟರು. ಅಂಗಡಿಯ ಕೆಲಸದವರು ತಿಳಿಯದೆ ಅದರಲ್ಲಿ ಏನಾದರೂ ತುರುಕಿಯಾರು ಎಂದು ಸಿ, ಡಿಗಳಂತೆ ಅದಕ್ಕೂ ಇದ್ದ ಅಕ್ಷರವನ್ನೇ ತೆಗೆದುಬಿಟ್ಟರು. ಅಕ್ಷರವಿಲ್ಲದ ಕೋಣೆ ಪರದೆಯ ಮೇಲೆ ಕಾಣುವುದಿಲ್ಲ. ಬೀಗ ಹಾಕಿದ ಹಾಗಲ್ಲ, ಗೋಡೆಯಲ್ಲಿ ಬಾಗಿಲೇ ಇಲ್ಲದ ಹಾಗೆ. ಶನಿವಾರ ಬಂದರೆ ಅಕ್ಷರ ಕೊಟ್ಟು ವಾಚನ ತುಂಬಿ, ಮತ್ತೆ ಅಕ್ಷರ ಕಿತ್ತು, "ಆಯ್ತಮ್ಮ, ನಿನ್ನ ಮಡೀನ ಯಾರೂ ಮುಟ್ಟಲ್ಲ" ಎನ್ನುವರು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ವಿಶಾಲಾಕ್ಷಮ್ಮನವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವರದು ಬರೀ ಉಸಿರಿನ ಮಾತು. ಎಲೆಯ ಮೇಲೆ ಎಲೆ ಸರಿದ ಹಾಗೆ. ಶನಿವಾರದ ಜನ ಚದುರಿಹೋದರು. ಒಬ್ಬರು ಮಾತ್ರ ಬರುವುದನ್ನು ಬಿಡಲಿಲ್ಲ. ಅವರು ಶಿಷ್ಯೆ ವಾಸವಿ, ಹೈಸ್ಕೂಲಿನ ಟೀಚರು. ಬಂದು ಪಕ್ಕದಲ್ಲಿ ಕುಳಿತು, ಹೂ ಕಟ್ಟಿಕೊಟ್ಟು ಹೋಗುವರು. ಮಡಿಕೋಣೆಗೆ ಅಕ್ಷರ ಕೊಡುವ ಧೈರ್ಯ ಶೇಷಗಿರಿಗೆ ಬರಲಿಲ್ಲ. ಹಾಡಿದ ಬಾಯಿಯ ಮುಂದೆ ಹಾಡು ಹಾಕುವುದು ಹೇಗೆ? ಆ ವಿಷಯ ಯಾರೂ ಎತ್ತಲಿಲ್ಲ. ಎತ್ತದೆ ಎತ್ತದೆ ಅದು ನೆನಪಿನ ತಳಕ್ಕೆ ಇಳಿಯಿತು.

ನನಗೂ ವಯಸ್ಸಾಗಿತ್ತು. ಒಂದು ಕಾರ್ಡು ತೆರೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದೆ.

"ಏನ್ ಸ್ವಾಮಿ, ಮದುವೆ ಕಾರ್ಡು ನಾಮಕರಣದ ಹೊತ್ತಿಗೆ ಕೊಡ್ತೀರಾ?" ಎಂದು ಗಿರಾಕಿಯೊಬ್ಬ ಕೇಳಿಯೇಬಿಟ್ಟ.

ಶೇಷಗಿರಿ ನನ್ನನ್ನು ಕಂಪ್ಯೂಟರಿನ ಸಮೇತ ಹೊತ್ತು ಬಸ್‌ಸ್ಟ್ಯಾಂಡ್ ಹತ್ತಿರದ ಮುನೀರ್ ಅವರ ರಿಪೇರಿ ಅಂಗಡಿಗೆ ಒಯ್ದರು. ಮುನೀರ್ ಮೊದಲು ವೇಗ ನೋಡುವವರು, ಆಮೇಲೆ ಮಾತು. ನನ್ನನ್ನು ಆದಿಯಿಂದ ಅಂತ್ಯದವರೆಗೆ ಓದಿಸಿದರು. ನನ್ನ ಕೈ ಮದುವೆಗಳ ಮೇಲೆ, ಸಮಾರಾಧನೆಗಳ ಮೇಲೆ, ಕೊನೆಗೆ ಮಡಿಕೋಣೆಯ ಮೇಲೂ ಹಾದುಹೋಯಿತು. ಆ ಪರೀಕ್ಷೆ ಓದುತ್ತದೆ, ಕೇಳುವುದಿಲ್ಲ. ವಿಶಾಲಾಕ್ಷಮ್ಮನವರ ದನಿಯಾದರೂ, ಖಾಲಿ ಜಾಗವಾದರೂ ಅದಕ್ಕೆ ಒಂದೇ, ಸೆಕೆಂಡಿಗೆ ಇಷ್ಟು ಎಂಬಿ. ಗೆರೆ ಎಂದಿನಂತೆ ಇಳಿದುಹೋಯಿತು. ನಂತರ ಚೂರುಚೂರನ್ನು ಅಲ್ಲೊಂದು ಇಲ್ಲೊಂದು ಹುಡುಕಿ ಓದುವ ಪರೀಕ್ಷೆ. ಅದರಲ್ಲಂತೂ ನನ್ನ ಕೈ ಓಡಾಡಿ ಓಡಾಡಿ ಕಟಕಟ ಅಂದಿತು.

ಪಕ್ಕದಲ್ಲಿ ಹೊಸ ಬಗೆಯ ಡಿಸ್ಕು, ಒಂದು ಎಸ್‌ಎಸ್‌ಡಿ ಹಾಕಿ ತೋರಿಸಿದರು. ಅದಕ್ಕೆ ತಟ್ಟೆಯೂ ಇಲ್ಲ, ಕೈಯೂ ಇಲ್ಲ, ಸದ್ದೂ ಇಲ್ಲ. ಗೆರೆ ನೂಲು ಹಿಡಿದ ಹಾಗೆ ನೆಟ್ಟಗೆ.

"ನೋಡಿ ಸಾರ್, ನಿಮ್ಮದು ನೂರು ಮುಟ್ಟಕ್ಕೆ ಒದ್ದಾಡ್ತಿದೆ. ಇದು ಐನೂರು ದಾಟಿ ಕೂತಿದೆ."

"ಇಷ್ಟು ದಿನ ಎತ್ತಿನಗಾಡೀಲಿ ಕೂತಿದ್ನಲ್ಲಪ್ಪಾ," ಎಂದರು ಶೇಷಗಿರಿ. ನನಗೆ ನಾಚಿಕೆಯಾಯಿತು.

ಮುನೀರ್ ಕಾಣುತ್ತಿದ್ದ ಎರಡು ಕೋಣೆಗಳನ್ನೂ ಹೊಸದಕ್ಕೆ ತುಂಬಿ, "ಸಿ, ಡಿ ಎರಡೂ ತಗೊಂಡಿದೀನಿ. ಮತ್ತೇನಾದ್ರೂ ಇದೆಯಾ ಸಾರ್? ಹಳೇದು ನಾನೇ ಇಟ್ಕೋತೀನಿ, ಆಮೇಲೆ ಕೇಳಿದ್ರೆ ಇರಲ್ಲ" ಎಂದು ಸ್ಪಷ್ಟವಾಗಿಯೇ ಕೇಳಿದರು. ಶೇಷಗಿರಿಯ ಕಣ್ಣು ಪರದೆಯ ಮೇಲಿತ್ತು. ಕಾರ್ಡುಗಳು ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದುಕೊಳ್ಳುತ್ತಿದ್ದವು.

"ಎಲ್ಲಾ ಬಂತಪ್ಪಾ," ಎಂದುಬಿಟ್ಟರು.

ಬೇರೆಯವರ ಕಣ್ಣಿಗೆ ಬೀಳಬಾರದೆಂದು ಬಚ್ಚಿಟ್ಟದ್ದು ಅವರ ಕಣ್ಣಿಗೂ ಬೀಳಲಿಲ್ಲ. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ. ನನ್ನೊಳಗೆ ಅಷ್ಟು ದನಿಯಿದ್ದೂ ನಾನು ಮೂಗ.

ಮುನೀರ್ ಅಂಗಡಿಯಲ್ಲಿ ಒಂದು ಪದ್ಧತಿ. ಹಳೆಯ ಡಿಸ್ಕನ್ನು ಮಾರುವ ಮೊದಲು ಓದಿಸಿ ನೋಡಿದರೆ ಸಾಲದು, ಮೊದಲಿನಿಂದ ಕೊನೆಯವರೆಗೆ ಬರೆಯಿಸಿಯೂ ನೋಡಬೇಕು. ಬರೆಯುವ ಪರೀಕ್ಷೆ ಎಂದರೆ ಇದ್ದುದರ ಮೇಲೆ ಬರೀ ಸೊನ್ನೆಗಳನ್ನು ಬರೆಯುತ್ತಾ ಹೋಗುವುದು. ಮೋಸದ ಮಾಲು ಕೊಟ್ಟ ಹೆಸರು ತನಗೆ ಬರಬಾರದೆಂಬ ನಿಯತ್ತು ಅದು. ಆ ವಾರದ ಶನಿವಾರ ಮಧ್ಯಾಹ್ನ ಸಿಸಿ ಕ್ಯಾಮೆರಾಗಳಿಗೆ ಡಿಸ್ಕು ಬೇಕೆಂದು ಒಬ್ಬರು ಬಂದರು. ಮುನೀರ್ ನನ್ನನ್ನು ಜೋಡಿಸಿ ಪರೀಕ್ಷೆ ಹಚ್ಚಿದರು. 'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?' ಎಂದು ಪರದೆ ಕೇಳಿತು. ಸರಿ ಎಂದು ಒತ್ತಿದರು.

ಹೊರಸುತ್ತಿನಿಂದ ಶುರುವಾಯಿತು. ವಧುವಿನ ಹೆಸರು, ವರನ ಹೆಸರು, ಮುಹೂರ್ತ, ಎಲ್ಲ ಸೊನ್ನೆ. ತೀರಿಕೊಂಡವರ ಮಂದಹಾಸದ ಫೋಟೋಗಳು ಸೊನ್ನೆ. ನನ್ನ ಕೈಯೇ ನನ್ನ ನೆನಪನ್ನು ಒರೆಸುತ್ತಾ ಒಳಕ್ಕೆ ಬರುತ್ತಿತ್ತು. ಮೊದಮೊದಲು ಬೇಗ, ಬರಬರುತ್ತಾ ನಿಧಾನ. ನಾನು ಬೇಕೆಂದು ನಿಧಾನ ಮಾಡಲಿಲ್ಲ. ಅಷ್ಟು ಸ್ವಾತಂತ್ರ್ಯ ನನಗಿಲ್ಲ. ಒಳಸುತ್ತು ಚಿಕ್ಕದು, ಅಷ್ಟೇ.

ಆ ಹೊತ್ತಿಗೆ ಅತ್ತ ಶೇಷಗಿರಿಯವರ ಕಡೆ ಏನಾಯಿತೆಂಬುದು ಆಮೇಲೆ ಅವರ ಮಾತಿನಿಂದ ತಿಳಿಯಿತು. ವಾಸವಿಗೆ ಊರಿನ ಸಭೆಯೊಂದರಲ್ಲಿ ಮೊದಲ ಸಲ ವಾಚನ ಮಾಡಲು ಕರೆ ಬಂದಿತ್ತು. ಯುದ್ಧಕ್ಕೆ ಮುಂಚೆ ತಾಯಿಯೊಬ್ಬಳು, ಹುಟ್ಟಿದಾಗಲೇ ತೊರೆದ ಮಗನನ್ನು ಕಾಣಲು ಹೊಳೆಯ ದಂಡೆಗೆ ಬರುವ ಭಾಗ. "ಅಮ್ಮಾ, ನೀವು ಸಾಲು ಎತ್ತಿ ನಿಲ್ಸೋ ರೀತಿ ನನಗೆ ಹಿಡೀತಿಲ್ಲ. ಹೇಗೆ ಕಲೀಲಿ?" ಎಂದು ಅತ್ತರಂತೆ. ವಿಶಾಲಾಕ್ಷಮ್ಮ ಗಂಡನ ಕಡೆ ತಿರುಗಿ, "ಮಡಿಕೋಣೆ ತೆಗೀರಿ" ಎಂದರಂತೆ. ಶೇಷಗಿರಿ ಹೊಸ ಡಿಸ್ಕಿನಲ್ಲಿ ಹುಡುಕಿದರು. ಮಡಿಕೋಣೆ ಅದರಲ್ಲಿರಲಿಲ್ಲ. ಫೋನು ಮಾಡಿದರೆ ಮುನೀರ್ ನಮಾಜಿಗೆ ಹೋಗಿದ್ದರು. ಸ್ಕೂಟರು ಹೊರಟಿತು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು.

"ಮುನೀರ್! ಹಳೇ ಡಿಸ್ಕ್ ಎಲ್ಲಪ್ಪಾ?"

ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ ಮುನೀರ್, "ಟೆಸ್ಟಿಗೆ ಹಾಕಿದೀನಿ ಸಾರ್, ಬರೀತಾ ಇದೆ" ಎಂದರು.

"ನಿಲ್ಸು! ಇವಳ ದನಿ ಅದರೊಳಗಿದೆ!"

ಮುನೀರ್ ಪರೀಕ್ಷೆ ನಿಲ್ಲಿಸಿದರು. ಗೆರೆ ಬಲತುದಿಗೆ ತೀರಾ ಹತ್ತಿರ ನಿಂತಿತ್ತು.

"ಯಾವ ಕಡೆ ಇತ್ತು ಸಾರ್?"

"ಕೊನೇಲಿ. ಎಲ್ಲಕ್ಕಿಂತ ಕೊನೇಲಿ. ಮಡಿ ಅಂತ ಬೇರೆ ಇಟ್ಟಿದ್ದೆ. ಕಾಣಬಾರದು ಅಂತ ನಾನೇ..." ಶೇಷಗಿರಿ ಪರದೆಯ ಬಲತುದಿಗೆ ಬೆರಳಿಟ್ಟರು.

ಡಿಸ್ಕಿಗಾಗಿ ಕಾದಿದ್ದ ಕ್ಯಾಮೆರಾದವರು, "ರೀ, ನನ್ನ ಡಿಸ್ಕು?" ಎಂದರು. "ನಿಮ್ಗೆ ಬೇರೆ ಕೊಡ್ತೀನಿ, ಒಂದು ಟೀ ಕುಡ್ಕೊಂಡ್ ಬನ್ನಿ" ಎಂದು ಮುನೀರ್ ಕುರ್ಚಿ ಎಳೆದುಕೊಂಡು ಕುಳಿತರು. ಕೋಣೆಗಳ ಗುರುತೆಲ್ಲ ಅಳಿಸಿಹೋಗಿತ್ತು. ಉಳಿದ ಜಾಗವನ್ನು ಅಂಗುಲ ಅಂಗುಲವಾಗಿ ತಡವಿ ನೋಡಬೇಕಿತ್ತು. ಈಗ ಯಾರೂ ನನಗೆ ಬೇಗ ಬೇಗ ಎನ್ನಲಿಲ್ಲ. ನಾನು ಓದಿದೆ. ನನಗೆ ತಿಳಿದಷ್ಟು ಜಾಗರೂಕತೆಯಿಂದ ಓದಿದೆ.

ಆರಂಭದ ಶನಿವಾರಗಳು ಹೋಗಿದ್ದವು. ಗಣಪತಿಯ ಸ್ತುತಿ ಹೋಗಿತ್ತು, ಜೂಜಿನ ಸಭೆಯ ಭಾಗ ಹೋಗಿತ್ತು. ಹೊಳೆದಂಡೆಯಿಂದ ಮುಂದೆ ಉಳಿದಿತ್ತು.

"ನಿಧಾನದ ಜಾಗದಲ್ಲಿ ಇತ್ತಲ್ಲ ಸಾರ್, ಅದಕ್ಕೇ ಸಿಕ್ತು. ಮುಂದಗಡೆ ಇಟ್ಟಿದ್ರೆ ನಾನು ನಮಾಜಿಗೆ ಹೊರಡೋಕೆ ಮುಂಚೆನೇ ಹೋಗಿರ್ತಿತ್ತು," ಎಂದರು ಮುನೀರ್. ಹಾಗೆಂದು ಸ್ಪೀಕರು ಹಚ್ಚಿದರು.

ಆ ದನಿ ಅಂಗಡಿಯೊಳಕ್ಕೆ ಬಂತು. ಮುನೀರ್ ಕೈಕಟ್ಟಿ ನಿಂತರು. ಟೀ ಕುಡಿದು ಬಂದವರು ಹೊಸ್ತಿಲಲ್ಲೇ ನಿಂತರು. ಶೇಷಗಿರಿ ಮುಖ ಮುಚ್ಚಿಕೊಂಡಿದ್ದರು. ವಿಶಾಲಾಕ್ಷಮ್ಮನವರ ತುಟಿ ಮಾತ್ರ ದನಿಯ ಜೊತೆಜೊತೆಗೆ ಆಡುತ್ತಿತ್ತು. ನಾಲ್ಕಾರು ಪದ್ಯ ಕಳೆದಿರಬೇಕು. ಇದ್ದಕ್ಕಿದ್ದಂತೆ ಬೆರಳೆತ್ತಿ, ನಿಲ್ಲಿಸಿ ಎಂದು ಸನ್ನೆ ಮಾಡಿದರು. ತಡೆಯಲಾರದೆ ಹಾಗೆ ಮಾಡಿದರೆಂದು ಎಲ್ಲರೂ ತಿಳಿದರು.

"ಇಲ್ಲಿ ಓಡಿದೀನಿ," ಎಂದರು, ಉಸಿರಿನಲ್ಲಿ.

"ಏನು?"

"ಮಗನೇ ಅಂತ ಮೊದಲನೇ ಸಲ ಕರೀತಾಳೆ. ಇಷ್ಟು ವರ್ಷ ಬಾಯಲ್ಲಿ ಇಟ್ಕೊಂಡಿದ್ದ ಮಾತು. ಕರೆದವಳು ಒಂದು ಗಳಿಗೆ ನಿಲ್ಲಬೇಡ್ವಾ? ಮುಂದಿನ ಸಾಲಿಗೆ ಹಾರಿಬಿಟ್ಟಿದೀನಿ."

"ಲೇ, ಸಿಕ್ಕಿದ್ದೇ ಪುಣ್ಯ! ಅದರಲ್ಲೂ ತಪ್ಪು ಹುಡುಕ್ತೀಯಲ್ಲೇ!" ಶೇಷಗಿರಿ ಅಳುತ್ತಲೇ ನಕ್ಕರು. ಮುನೀರ್ ಕೂಡ ನಕ್ಕು, ಕಣ್ಣೊರೆಸಿಕೊಂಡರು.

ಹೊಸ ಡಿಸ್ಕಿಗೆ ಒಂದು ಪ್ರತಿ ಹೋಯಿತು. ಆದರೂ ವಿಶಾಲಾಕ್ಷಮ್ಮ ನನ್ನನ್ನು ಬಿಟ್ಟುಕೊಡಲಿಲ್ಲ. ಮದುವೆ, ಸಮಾರಾಧನೆ ಎಲ್ಲ ಅಳಿಸಿಹೋದದ್ದರಿಂದ ಈಗ ನಾನು ಪೂರ್ತಿ ಮಡಿಯಂತೆ. ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ, ವಯರು ಸುತ್ತಿ, ಹಿಂದಿನ ಕೋಣೆಯ ಗೂಡಿನಲ್ಲಿಟ್ಟಿದ್ದಾರೆ. ಶನಿವಾರ ಮಾತ್ರ ನನ್ನ ತಟ್ಟೆ ತಿರುಗುತ್ತದೆ. ಇನ್ನೆಷ್ಟು ಶನಿವಾರ ತಿರುಗುತ್ತದೋ ತಿಳಿಯದು. ಜಮಖಾನೆಯ ಮೇಲೆ ಮತ್ತೆ ಮೊಣಕಾಲುಗಳು ಸೇರತೊಡಗಿವೆ. ವೇಗದಿಂದ ನನ್ನನ್ನು ಅಳೆದವರು ತಪ್ಪು ಅಳೆದರೆಂದು ನಾನು ಹೇಳಲಾರೆ, ನಾನು ನಿಧಾನವೇ. ಅಂಗಡಿ ಕೆಲಸಕ್ಕೆ ಆ ಹೊಸಬನೇ ಸರಿ.

ನನ್ನಿಂದ ಒಂದೊಂದು ಪದ್ಯ ಕೇಳಿಸಿ ನಿಲ್ಲಿಸುತ್ತಾರೆ, ವಾಸವಿ ಅದನ್ನು ಹೇಳುತ್ತಾರೆ. ಆ ಮಾತು ಬಂದಾಗ ವಿಶಾಲಾಕ್ಷಮ್ಮ ಬೆರಳೆತ್ತುತ್ತಾರೆ. "ಮಗನೇ" ಎಂದ ವಾಸವಿ ನಿಲ್ಲುತ್ತಾರೆ. ಕೋಣೆ ನಿಲ್ಲುತ್ತದೆ. ನನ್ನ ತಟ್ಟೆ ತಿರುಗುತ್ತಲೇ ಇರುತ್ತದೆ. ಆ ಗಳಿಗೆಯನ್ನು ಯಾರೂ ನನ್ನಲ್ಲಿ ಬರೆದಿಲ್ಲ, ಓದಲು ನನಗೆ ಏನೂ ಇಲ್ಲ. ಎಲ್ಲರ ಜೊತೆ ನಾನೂ ಸುಮ್ಮನೆ ಕೇಳುತ್ತೇನೆ.